93 ಎಂಬ ಸಂಕೇತ: ಮಹಿಳಾ ಅಧ್ಯಯನವನ್ನು ಅಂತರಶಿಸ್ತೀಯವಾಗಿ ಓದುವುದೆಂದರೆ

(ಪದವಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸವನ್ನು ತಿದ್ದಿ, ಕೆಲವೆಡೆ ವಿಸ್ತರಿಸಿ ಬರೆದದ್ದು.)

ಮಹಿಳಾ ಅಧ್ಯಯನದ ಉತ್ತರಪತ್ರಿಕೆಗಳ ಮೌಲ್ಯಮಾಪನ ಮಾಡುವವರಿಗೆಲ್ಲ ಪರಿಚಿತವಾದ ಒಂದು ವಾಕ್ಯವಿದೆ: ‘ಮಹಿಳಾ ಅಧ್ಯಯನವು ಒಂದು ಅಂತರಶಿಸ್ತೀಯ ವಿಷಯವಾಗಿದ್ದು ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಸಾಹಿತ್ಯ, ಕಾನೂನು, ಮನಶ್ಶಾಸ್ತ್ರ ಮೊದಲಾದವುಗಳನ್ನು ಒಳಗೊಂಡಿದೆ.’ ವಾಕ್ಯದಲ್ಲಿ ತಪ್ಪಿಲ್ಲ. ನಾನೂ ಅದಕ್ಕೆ ಅಂಕ ಕೊಡುತ್ತ ಬಂದಿದ್ದೇನೆ. ಆದರೆ ಅದನ್ನು ಬರೆದ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು, ‘ಇಷ್ಟೆಲ್ಲವನ್ನೂ ಏಕೆ ಒಳಗೊಳ್ಳಬೇಕಾಯಿತು, ಒಂದು ಶಾಸ್ತ್ರ ಸಾಕಾಗಲಿಲ್ಲವೇ?’ ಎಂದು ಕೇಳಿದರೆ ಉತ್ತರ ಬರುವುದು ಅಪರೂಪ. ಸಾಮಾನ್ಯವಾಗಿ ಸಿಗುವ ಸಮಜಾಯಿಷಿಯೆಂದರೆ, ಮಹಿಳೆಯರು ಎಲ್ಲ ಕ್ಷೇತ್ರಗಳಲ್ಲೂ ಇದ್ದಾರೆ, ಆದ್ದರಿಂದ ಎಲ್ಲ ಶಾಸ್ತ್ರಗಳೂ ಬೇಕು ಎಂಬುದು. ಹಾಗೆ ನೋಡಿದರೆ ಗಂಡಸರೂ ಎಲ್ಲ ಕ್ಷೇತ್ರಗಳಲ್ಲಿ ಇದ್ದಾರೆ. ನೀರು ಎಲ್ಲೆಡೆ ಇದೆ, ಹಣ ಎಲ್ಲೆಡೆ ಇದೆ. ಎಲ್ಲೆಡೆ ಇರುವುದಷ್ಟೇ ಒಂದು ಅಧ್ಯಯನ ಅಂತರಶಿಸ್ತೀಯವಾಗಲು ಕಾರಣವಾಗಲಾರದು. ಈ ಪ್ರಶ್ನೆಗೆ ಒಂದು ಸಂಖ್ಯೆಯ ಮೂಲಕ ಉತ್ತರ ಹುಡುಕಲು ಇಲ್ಲಿ ಪ್ರಯತ್ನಿಸುತ್ತೇನೆ.

ಆ ಸಂಖ್ಯೆ 93. ನಮ್ಮ ದೇಶದಲ್ಲಿ ಉದ್ಯೋಗ ಮತ್ತು ನಿರುದ್ಯೋಗದ ಅಂಕಿಅಂಶಗಳನ್ನು ಕಲೆಹಾಕುವ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ, ಮನೆಯ ಪ್ರತಿಯೊಬ್ಬ ಸದಸ್ಯರ ಮುಂದೆಯೂ ಅವರ ಚಟುವಟಿಕೆಯನ್ನು ಸೂಚಿಸುವ ಎರಡಂಕಿಯ ಸಂಕೇತವೊಂದನ್ನು ಬರೆಯಲಾಗುತ್ತದೆ. ಸ್ವಂತ ಉದ್ಯೋಗ, ಸಂಬಳದ ಕೆಲಸ, ದಿನಗೂಲಿ ಇವಕ್ಕೆಲ್ಲ ಬೇರೆ ಬೇರೆ ಸಂಕೇತಗಳಿವೆ. ಓದುತ್ತಿರುವವರಿಗೆ 91. ಪಿಂಚಣಿ ಅಥವಾ ಬಾಡಿಗೆಯಂತಹ ಆದಾಯದಿಂದ ಬದುಕುವವರಿಗೆ 94. ಇವೆರಡರ ನಡುವೆ ಎರಡು ಸಂಕೇತಗಳಿವೆ. 92 ಎಂದರೆ ಮನೆಗೆಲಸವನ್ನಷ್ಟೇ ಮಾಡುವವರು. 93 ಎಂದರೆ ಮನೆಗೆಲಸದ ಜೊತೆಗೆ ಮನೆಬಳಕೆಗಾಗಿ ಸೊಪ್ಪು, ಗೆಡ್ಡೆ, ಸೌದೆ, ದನದ ಮೇವು ಮುಂತಾದವನ್ನು ದುಡ್ಡು ಕೊಡದೆ ಸಂಗ್ರಹಿಸಿ ತರುವವರು, ಮನೆಯವರಿಗಾಗಿ ಹೊಲಿಯುವವರು, ನೇಯುವವರು. ಈಗ ಮುಖ್ಯವಾದ ಮಾತು: 91ರಿಂದ 94ರವರೆಗಿನ ಈ ಎಲ್ಲರೂ ಶ್ರಮಶಕ್ತಿಯ ಹೊರಗಿನವರು. ದೇಶದ ದುಡಿಯುವ ಜನರ ಲೆಕ್ಕ ಹಾಕುವಾಗ ಇವರು ಅದರಲ್ಲಿ ಸೇರುವುದಿಲ್ಲ.

ಈ ಸಂಕೇತವನ್ನು ಸ್ವಲ್ಪ ಹೊತ್ತು ನೋಡುತ್ತ ಕೂರಬೇಕು. ಸಮೀಕ್ಷೆಯ ನಮೂನೆಯನ್ನು ರೂಪಿಸಿದವರಿಗೆ ಸೌದೆ ಹೊರುವ ಹೆಂಗಸು ಕಾಣಲೇ ಇಲ್ಲವೆಂದು ನಾವು ಆರೋಪಿಸುವಂತಿಲ್ಲ. ಕಂಡಿದ್ದಾಳೆ, ಅವಳು ಏನೇನು ಹೊರುತ್ತಾಳೆಂಬ ಪಟ್ಟಿಯೂ ನಮೂನೆಯಲ್ಲಿದೆ. ಇಷ್ಟು ವಿವರವಾಗಿ ಕಂಡ ಮೇಲೂ ಅವಳನ್ನು ಪಿಂಚಣಿದಾರರ ಪಕ್ಕದಲ್ಲಿ ಕೂರಿಸಲಾಗಿದೆ. ಅದೇ ಸೌದೆಯನ್ನು ಅವಳು ಸಂತೆಗೆ ಹೊತ್ತು ಮಾರಿದರೆ ದುಡಿಮೆಗಾರ್ತಿ. ಮನೆಯ ಒಲೆಗೆ ತಂದರೆ ಅಲ್ಲ. ತಲೆಯ ಮೇಲಿನ ಹೊರೆಯ ತೂಕ ಎರಡೂ ಸಲ ಒಂದೇ.

ಇದೇಕೆ ಹೀಗೆ ಎಂದು ಅರ್ಥಶಾಸ್ತ್ರದ ವಿದ್ಯಾರ್ಥಿಯನ್ನು ಕೇಳಿದರೆ ಅವನು ರಾಷ್ಟ್ರೀಯ ಲೆಕ್ಕಪದ್ಧತಿಯ ನಿಯಮಗಳನ್ನು ತೋರಿಸುತ್ತಾನೆ. ಉತ್ಪಾದನೆಯ ಗಡಿ ಎಲ್ಲಿದೆ, ಮನೆಯೊಳಗೆ ಮನೆಯವರಿಗಾಗಿ ಮಾಡುವ ಸೇವೆ ಆ ಗಡಿಯ ಹೊರಗೆ ಏಕೆ ಉಳಿಯುತ್ತದೆ ಎಂಬುದನ್ನು ಅವನು ಸರಿಯಾಗಿಯೇ ವಿವರಿಸಬಲ್ಲ. ಆದರೆ ಆ ಗಡಿಯನ್ನು ಹೊಸ್ತಿಲಿನಲ್ಲಿಯೇ ಎಳೆಯಬೇಕೆಂದು ಯಾರು, ಯಾವಾಗ, ಯಾವ ಕುಟುಂಬದ ಕಲ್ಪನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿರ್ಧರಿಸಿದರು ಎಂಬುದು ಇತಿಹಾಸದ ಪ್ರಶ್ನೆ. ಸಮೀಕ್ಷಕರು ಮನೆ ಬಾಗಿಲಿಗೆ ಬಂದಾಗ ಉತ್ತರ ಹೇಳುವವರು ಯಾರು, ‘ನಮ್ಮ ಮನೆಯ ಹೆಂಗಸರು ಕೆಲಸಕ್ಕೆ ಹೋಗುವುದಿಲ್ಲ’ ಎಂದು ಹೇಳುವುದು ಯಾವ ಜಾತಿ, ಯಾವ ವರ್ಗದ ಮನೆಗಳಲ್ಲಿ ಮರ್ಯಾದೆಯ ಮಾತಾಗುತ್ತದೆ ಎಂಬುದು ಸಮಾಜಶಾಸ್ತ್ರದ ಪ್ರಶ್ನೆ. ಕನ್ನಡದಲ್ಲಿ ‘ಕೆಲಸ’ ಮತ್ತು ‘ಮನೆಗೆಲಸ’ ಎಂಬ ಎರಡು ಮಾತುಗಳಿರುವಾಗ, ಇಡೀ ದಿನ ಎರಡನೆಯದನ್ನು ಮಾಡಿದ ಹೆಂಗಸೇ ‘ನಾನು ಕೆಲಸ ಮಾಡುವುದಿಲ್ಲ, ಮನೆಯಲ್ಲೇ ಇರುತ್ತೇನೆ’ ಎಂದು ಹೇಳುವುದೇಕೆ ಎಂಬುದು ಭಾಷೆಯ ಪ್ರಶ್ನೆ. ಇವುಗಳಲ್ಲಿ ಯಾವ ಒಂದನ್ನು ಬಿಟ್ಟರೂ 93 ಅರ್ಥವಾಗುವುದಿಲ್ಲ. ಪ್ರಶ್ನೆಯೇ ಒಂದು ವಿಭಾಗದ ಕೊಠಡಿಯಲ್ಲಿ ಕೂರಲು ಒಪ್ಪದೆ ಎದ್ದು ಹೊರಟಾಗ, ಅದರ ಹಿಂದೆ ಹೋಗುವುದು ವಿದ್ಯಾರ್ಥಿಗೆ ಅನಿವಾರ್ಯವಾಗುತ್ತದೆ. ಅಂತರಶಿಸ್ತೀಯ ಎಂಬ ಮಾತಿಗೆ ನನಗೆ ತಿಳಿದ ಅರ್ಥ ಇದು.

ಪ್ರಶ್ನೆಯ ಪದಗಳು ಬದಲಾದರೆ ಲೆಕ್ಕವೂ ಬದಲಾಗುತ್ತದೆ ಎಂಬುದನ್ನು ಮಹಿಳಾ ಅಧ್ಯಯನದವರು ಬೇಗನೆ ಗುರುತಿಸಿದರು. 1970ರ ದಶಕದಲ್ಲಿ ಮೈಸೂರು ಮೂಲದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಮತ್ತು ಅವರ ಸಂಗಡಿಗರು ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಕೆಲವು ಹಳ್ಳಿಗಳಲ್ಲಿ, ‘ನೀವು ಕೆಲಸ ಮಾಡುತ್ತೀರಾ?’ ಎಂದು ಕೇಳುವ ಬದಲು ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಗಮನಿಸಿ ದಾಖಲಿಸಿದರು. ಮನೆಗೆಲಸದವರೆಂದು ಪಟ್ಟಿಯಾಗಿದ್ದ ಹೆಂಗಸರು ಹೊಲದಲ್ಲಿಯೂ ಕೊಟ್ಟಿಗೆಯಲ್ಲಿಯೂ ದುಡಿಯುತ್ತಿದ್ದದ್ದು ಆಗ ಬೆಳಕಿಗೆ ಬಂತು. 1991ರ ಜನಗಣತಿಯಲ್ಲಿ ಕೆಲಸದ ಕುರಿತ ಪ್ರಶ್ನೆಯೊಳಗೇ ‘ಹೊಲದಲ್ಲಿ ಅಥವಾ ಮನೆಯ ಉದ್ದಿಮೆಯಲ್ಲಿ ಸಂಬಳವಿಲ್ಲದೆ ಮಾಡಿದ ಕೆಲಸವೂ ಸೇರಿದಂತೆ’ ಎಂಬ ಅರ್ಥದ ಮಾತು ಸೇರಿಕೊಂಡಿತು. ಇಡೀ ದೇಶವನ್ನು ವ್ಯಾಪಿಸಿದ ಸಮಯ ಬಳಕೆಯ ಸಮೀಕ್ಷೆ ನಡೆಯಲು 2019ರವರೆಗೆ ಕಾಯಬೇಕಾಯಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿಕೊಂಡ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಗಂಡಸರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಾರೆಂದು ಆ ಸಮೀಕ್ಷೆ ಹೇಳಿತು. ಈ ಸರಾಸರಿಯನ್ನು ಉಲ್ಲೇಖಿಸುವವರು ಮರೆಯುವ ಒಂದು ಸಂಗತಿಯಿದೆ. ಇದು ಮನೆಗೆಲಸದಲ್ಲಿ ಸ್ವಲ್ಪವಾದರೂ ತೊಡಗಿದವರ ಸರಾಸರಿ. ಹಾಗೆ ತೊಡಗಿದವರು ಮಹಿಳೆಯರಲ್ಲಿ ಶೇಕಡ 81.2, ಗಂಡಸರಲ್ಲಿ ಶೇಕಡ 26.1. ಅಂದರೆ ಸುಮಾರು ನಾಲ್ವರು ಗಂಡಸರಲ್ಲಿ ಮೂವರು ಆ 97 ನಿಮಿಷಗಳ ಲೆಕ್ಕಕ್ಕೂ ಬಂದಿಲ್ಲ. ಸಂಖ್ಯಾಶಾಸ್ತ್ರವನ್ನು ಅಷ್ಟಾದರೂ ಕಲಿಯದೆ ಹೋದರೆ ಮಹಿಳಾ ಅಧ್ಯಯನದ ವಿದ್ಯಾರ್ಥಿ ತನ್ನದೇ ವಾದವನ್ನು ದುರ್ಬಲವಾಗಿ ಮಂಡಿಸುತ್ತಾನೆ.

ವಿಷಯದ ಹುಟ್ಟಿನ ಕತೆಯನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಅದು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಅಮೆರಿಕದ ಸ್ಯಾನ್ ಡಿಯಾಗೋದ ಸರ್ಕಾರಿ ಕಾಲೇಜಿನಲ್ಲಿ 1970ರಲ್ಲಿ ಮಹಿಳಾ ಅಧ್ಯಯನದ ಕಾರ್ಯಕ್ರಮ ಆರಂಭವಾಯಿತು. ಅಲ್ಲಿ ಅದಕ್ಕೆ ಒತ್ತಾಸೆಯಾದದ್ದು ವಿದ್ಯಾರ್ಥಿನಿಯರ ಮತ್ತು ಅಧ್ಯಾಪಕಿಯರ ಚಳವಳಿ. ನಮ್ಮಲ್ಲಿ ಒಂದು ಸರ್ಕಾರಿ ವರದಿ ದೊಡ್ಡ ಪ್ರಚೋದನೆಯಾಯಿತೆಂಬುದು ಕುತೂಹಲದ ಸಂಗತಿ. 1971ರಲ್ಲಿ ನೇಮಕವಾದ ಭಾರತದಲ್ಲಿ ಮಹಿಳೆಯರ ಸ್ಥಿತಿಗತಿ ಕುರಿತ ಸಮಿತಿಯು 1974ರ ಕೊನೆಯಲ್ಲಿ ‘ಸಮಾನತೆಯೆಡೆಗೆ’ ಎಂಬ ಅರ್ಥದ ಹೆಸರಿನ ವರದಿಯನ್ನು ಸಲ್ಲಿಸಿತು. ಸಾವಿರ ಗಂಡಸರಿಗೆ 1901ರಲ್ಲಿ 972 ಇದ್ದ ಮಹಿಳೆಯರ ಸಂಖ್ಯೆ 1971ರಲ್ಲಿ 930ಕ್ಕೆ ಇಳಿದಿತ್ತು. ಈ ಅಂಕಿಗಳು ಗುಟ್ಟಾಗಿರಲಿಲ್ಲ. ಹತ್ತು ವರ್ಷಕ್ಕೊಮ್ಮೆ ಅಚ್ಚಾಗುತ್ತಲೇ ಇದ್ದವು. ಜನಸಂಖ್ಯಾಶಾಸ್ತ್ರಜ್ಞರು ಅವನ್ನು ಓದುತ್ತಿದ್ದರು, ಸಂವಿಧಾನದ ಸಮಾನತೆಯ ವಿಧಿಗಳನ್ನು ಕಾನೂನಿನವರು ಓದುತ್ತಿದ್ದರು, ಮತದಾನದ ಅಂಕಿಗಳನ್ನು ರಾಜ್ಯಶಾಸ್ತ್ರದವರು ಓದುತ್ತಿದ್ದರು. ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿದ್ದ ವೀಣಾ ಮಜುಂದಾರ್ ರಾಜ್ಯಶಾಸ್ತ್ರದವರು, ಸದಸ್ಯೆ ಲೋತಿಕಾ ಸರ್ಕಾರ್ ಕಾನೂನಿನ ಅಧ್ಯಾಪಕಿ. ಬೇರೆ ಬೇರೆ ಮೇಜುಗಳ ಮೇಲಿದ್ದ ಕಾಗದಗಳು ಒಂದೇ ಮೇಜಿಗೆ ಬಂದಾಗಲಷ್ಟೇ ಸ್ವಾತಂತ್ರ್ಯಾನಂತರದ ಪ್ರಗತಿಯ ಚಿತ್ರ ಬಿರುಕುಬಿಟ್ಟಿತು. ಅದೇ 1974ರಲ್ಲಿ ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿಯವರ ನೇತೃತ್ವದಲ್ಲಿ ಸಂಶೋಧನಾ ಕೇಂದ್ರ ಆರಂಭವಾಯಿತು. 1981ರಲ್ಲಿ ಅಲ್ಲಿಯೇ ಮೊದಲ ರಾಷ್ಟ್ರೀಯ ಸಮ್ಮೇಳನ, 1982ರಲ್ಲಿ ಭಾರತೀಯ ಮಹಿಳಾ ಅಧ್ಯಯನ ಸಂಘ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನೆರವಿನ ಕೇಂದ್ರಗಳು, ಹೀಗೆ ವಿಷಯ ಬೆಳೆಯಿತು.

ಇಷ್ಟು ಚರಿತ್ರೆಯುಳ್ಳ ವಿಷಯವನ್ನು ನಾವು ಕಾಲೇಜಿನಲ್ಲಿ ಕಲಿಸುವ ಬಗೆಯ ಮೇಲೆ ನನಗೆ ತಕರಾರಿದೆ. ಸಾಮಾನ್ಯವಾಗಿ ಆಗುವುದಿಷ್ಟು: ಇತಿಹಾಸದ ಅಧ್ಯಾಪಕರು ಬಂದು ‘ವೇದಕಾಲದಲ್ಲಿ ಮಹಿಳೆಯ ಸ್ಥಾನಮಾನ’ ಎಂಬ ಘಟಕ ಮುಗಿಸುತ್ತಾರೆ. ಕಾನೂನು ಬಲ್ಲವರೊಬ್ಬರು ಕಾಯ್ದೆಗಳ ಪಟ್ಟಿ ಬರೆಸುತ್ತಾರೆ. ಸಾಹಿತ್ಯದವರು ಒಂದಷ್ಟು ಲೇಖಕಿಯರನ್ನು ಪರಿಚಯಿಸುತ್ತಾರೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಇದು ಬಹುಶಿಸ್ತೀಯ ಬೋಧನೆ. ಒಂದೇ ಬಸ್ಸಿನಲ್ಲಿ ಕುಳಿತ ಅಪರಿಚಿತರ ಹಾಗೆ ವಿಷಯಗಳು ಅಕ್ಕಪಕ್ಕ ಕುಳಿತು ತಂತಮ್ಮ ನಿಲ್ದಾಣದಲ್ಲಿ ಇಳಿದುಹೋಗುತ್ತವೆ. ಅವು ಪರಸ್ಪರ ಮಾತಾಡಿಕೊಳ್ಳಬೇಕು, ಬೇಕಾದರೆ ಜಗಳವನ್ನೂ ಆಡಬೇಕು. ಹಾಗೆ ಮಾತಾಡಿಸಬಲ್ಲ ಒಂದು ಪ್ರಕರಣವನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ಬಳಸಿಕೊಳ್ಳುತ್ತೇನೆ.

ಹದಿನೆಂಟನೆಯ ಶತಮಾನದ ತಂಜಾವೂರಿನ ಮರಾಠ ಅರಸ ಪ್ರತಾಪಸಿಂಹನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರಕಾವ್ಯವನ್ನು ತೆಲುಗಿನಲ್ಲಿ ಬರೆದಳು. ತನ್ನ ಕಾಲದಲ್ಲಿ ಅವಳು ಮಾನ್ಯ ಕವಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ತೆಲುಗಿನ ಸಮಾಜಸುಧಾರಕ ಹಾಗೂ ಸಾಹಿತ್ಯ ಚರಿತ್ರಕಾರ ಕಂದುಕೂರಿ ವೀರೇಶಲಿಂಗಂ ಅವಳ ಕಾವ್ಯವನ್ನು ಹೆಣ್ಣೊಬ್ಬಳು ಬರೆಯಬಾರದಿದ್ದ ಅಶ್ಲೀಲವೆಂದು ತೀರ್ಮಾನಿಸಿಬಿಟ್ಟಿದ್ದರು. ಸಂಗೀತ ವಿದುಷಿ ಬೆಂಗಳೂರು ನಾಗರತ್ನಮ್ಮನವರಿಗೆ ಆ ಕಾವ್ಯದ ಅಚ್ಚಾದ ಪ್ರತಿಯೊಂದು ಸಿಕ್ಕಿತು. ಅದರಲ್ಲಿ ಭಾಗಗಳನ್ನು ಕೈಬಿಟ್ಟಿರುವುದನ್ನು ಅವರು ಗಮನಿಸಿ, ಹಸ್ತಪ್ರತಿಯೊಂದಿಗೆ ಹೋಲಿಸಿ, 1910ರಲ್ಲಿ ಪೂರ್ಣ ಪಾಠವನ್ನು ಸಂಪಾದಿಸಿ ಮದ್ರಾಸಿನಲ್ಲಿ ಪ್ರಕಟಿಸಿದರು. 1911ರಲ್ಲಿ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. ನಿಷೇಧ ತೆರವಾದದ್ದು 1947ರಲ್ಲಿ.

ಇದನ್ನು ಸಾಹಿತ್ಯದ ತರಗತಿಯಲ್ಲಿ ಮಾತ್ರ ಓದಿದರೆ ಶೃಂಗಾರ ಎಲ್ಲಿ ಮುಗಿದು ಅಶ್ಲೀಲ ಎಲ್ಲಿ ಶುರುವಾಗುತ್ತದೆ ಎಂಬ ಚರ್ಚೆಯಲ್ಲಿ ಗಂಟೆ ಮುಗಿಯುತ್ತದೆ. ಗಂಡು ಕವಿಗಳ ಇದೇ ಬಗೆಯ ಶೃಂಗಾರ ಪಠ್ಯವಾಗಿ ಉಳಿದಿರುವಾಗ ಇದೊಂದೇ ಏಕೆ ಎಂಬ ನಾಗರತ್ನಮ್ಮನವರ ಆಕ್ಷೇಪವನ್ನೇ ಇಟ್ಟುಕೊಂಡು ಹೊರಟರೆ ವಸಾಹತುಶಾಹಿ ಕಾನೂನು ಬರುತ್ತದೆ, ಇಂಗ್ಲಿಷ್ ಕಲಿತ ಸುಧಾರಕರ ನೈತಿಕತೆ ಬರುತ್ತದೆ, ಮುದ್ರಣದ ಇತಿಹಾಸ ಬರುತ್ತದೆ. ಮುದ್ದುಪಳನಿಯೂ ನಾಗರತ್ನಮ್ಮನವರೂ ಕಲಾವಂತ, ಅಂದರೆ ದೇವದಾಸಿ, ಪರಂಪರೆಯ ಹೆಣ್ಣುಮಕ್ಕಳು. ಅಕ್ಷರ, ಸಂಗೀತ, ಸ್ವಂತ ಆಸ್ತಿ ಮೂರೂ ಇದ್ದ ಸಮುದಾಯ ಅದು. ಹಾಗಾದರೆ ಆಸ್ತಿಹಕ್ಕಿನ ಚರಿತ್ರೆ ಬೇಕು, ಜಾತಿಯ ಸಮಾಜಶಾಸ್ತ್ರ ಬೇಕು.

ಇಲ್ಲಿಗೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ನಾಗರತ್ನಮ್ಮನವರ ಪಕ್ಷ ವಹಿಸಿ ನೆಮ್ಮದಿಯಿಂದ ಕೂತಿರುತ್ತಾರೆ. ಆಗ ನಾನು ಇನ್ನೊಂದು ಕಾಗದ ಹಂಚುತ್ತೇನೆ. ವೈದ್ಯೆಯೂ ಮದ್ರಾಸು ವಿಧಾನ ಪರಿಷತ್ತಿನ ಸದಸ್ಯೆಯೂ ಆಗಿದ್ದ ಮುತ್ತುಲಕ್ಷ್ಮಿ ರೆಡ್ಡಿಯವರು 1920ರ ದಶಕದ ಕೊನೆಯಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಶಾಸನ ತರಲು ಹೋರಾಡಿದರು. ಎಳೆಯ ಹುಡುಗಿಯರನ್ನು ಸಮರ್ಪಿಸುವ ಪದ್ಧತಿ ಶೋಷಣೆಯೆಂಬ ಅವರ ವಾದ ಗಟ್ಟಿಯಾದದ್ದು. ಅವರ ತಾಯಿಯೂ ಅದೇ ಸಮುದಾಯದಿಂದ ಬಂದವರು. ಆ ಶಾಸನವನ್ನು ವಿರೋಧಿಸಿ ಮನವಿ ಸಲ್ಲಿಸಿದ ದೇವದಾಸಿಯರಲ್ಲಿ ನಾಗರತ್ನಮ್ಮನವರೂ ಇದ್ದರು. ತಮ್ಮನ್ನು ಕೇಳದೆ ತಮ್ಮ ಬದುಕಿನ ಬಗ್ಗೆ ಕಾಯ್ದೆ ಮಾಡುತ್ತಿದ್ದಾರೆಂಬುದು ಅವರ ದೂರು. ಮದ್ರಾಸಿನ ದೇವದಾಸಿ ನಿಷೇಧ ಕಾಯ್ದೆ ಬಂದದ್ದು 1947ರಲ್ಲಿ. ದೇವದಾಸಿಯ ಕಾವ್ಯ ಬಿಡುಗಡೆಯಾದ ವರ್ಷವೇ ದೇವದಾಸಿಯ ಬದುಕು ಅಪರಾಧದ ಪಟ್ಟಿಗೆ ಹತ್ತಿರವಾಯಿತು. ತರಗತಿ ಇಬ್ಭಾಗವಾಗುತ್ತದೆ, ಗಂಟೆ ಹೊಡೆದ ಮೇಲೂ ಮಾತು ನಿಲ್ಲುವುದಿಲ್ಲ. ಇಬ್ಬರೂ ಮಹಿಳೆಯರ ಪರವಾಗಿಯೇ ಮಾತಾಡಿದವರು. ‘ಮಹಿಳೆಯರ ಹಿತ’ ಎಂಬುದು ಮೊದಲೇ ಸಿದ್ಧವಾಗಿ ಬಿದ್ದಿರುವ ವಸ್ತು ಎಂದು ತಿಳಿದವರಿಗೆ ಈ ಪ್ರಕರಣದಲ್ಲಿ ದಾರಿ ಸಿಗುವುದಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಇದೆಲ್ಲ ಕಲಾ ವಿಭಾಗದ ಮಾತೆಂದು ಎದ್ದು ಹೋಗಬಾರದು. 1992ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಝೋಲ್ಪಿಡೆಮ್ ಎಂಬ ನಿದ್ರೆಯ ಔಷಧಿಯ ಪ್ರಮಾಣವನ್ನು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಮಹಿಳೆಯರಿಗೆ 10 ಮಿಲಿಗ್ರಾಂನಿಂದ 5 ಮಿಲಿಗ್ರಾಂಗೆ ಇಳಿಸಿತು. ಮಹಿಳೆಯರ ದೇಹ ಆ ಔಷಧಿಯನ್ನು ನಿಧಾನವಾಗಿ ಹೊರಹಾಕುವುದರಿಂದ, ಬೆಳಗ್ಗೆ ವಾಹನ ಓಡಿಸುವಾಗಲೂ ಅದು ರಕ್ತದಲ್ಲಿ ಉಳಿದಿರುತ್ತಿತ್ತು. ಅದೇ ದೇಶದಲ್ಲಿ 1977ರ ಒಂದು ಮಾರ್ಗಸೂಚಿ, ಗರ್ಭ ಧರಿಸಬಲ್ಲ ವಯಸ್ಸಿನ ಮಹಿಳೆಯರನ್ನು ಔಷಧಿಗಳ ಆರಂಭಿಕ ಪ್ರಯೋಗಗಳಿಂದ ಹೊರಗಿಟ್ಟಿತ್ತು. ಕಾರಣ, ಹುಟ್ಟಬಹುದಾದ ಮಗುವಿನ ಮೇಲಿನ ಕಾಳಜಿ. ಕಾಳಜಿಯಿಂದ ಹೊರಗಿಟ್ಟವರ ಬಗ್ಗೆ ತಿಳಿವಳಿಕೆಯೇ ಬೆಳೆಯದಿರುವುದು ಔಷಧಶಾಸ್ತ್ರದ ಸಮಸ್ಯೆಯೋ ನೀತಿಶಾಸ್ತ್ರದ ಸಮಸ್ಯೆಯೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಕಾನೂನಿನಲ್ಲಿಯೂ ಇದೇ ಬಗೆಯ ಬಿಟ್ಟುಹೋಗುವಿಕೆ ಇದೆ. 1976ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಕಾರು ತಯಾರಿಕಾ ಕಂಪನಿಯ ವಿರುದ್ಧ ಕಪ್ಪು ಮಹಿಳೆಯರು ಹೂಡಿದ್ದ ತಾರತಮ್ಯದ ದಾವೆಯನ್ನು ತೀರ್ಮಾನಿಸುವಾಗ, ಜನಾಂಗದ ತಾರತಮ್ಯವನ್ನಾದರೂ ಹೇಳಿ, ಲಿಂಗದ ತಾರತಮ್ಯವನ್ನಾದರೂ ಹೇಳಿ, ಎರಡನ್ನೂ ಬೆರೆಸಿದ ಹೊಸ ವರ್ಗವೊಂದನ್ನು ಒಪ್ಪಲಾಗದು ಎಂಬ ನಿಲುವು ತಾಳಿತು. ಕಂಪನಿ ಬಿಳಿಯ ಮಹಿಳೆಯರನ್ನು ನೇಮಿಸಿಕೊಂಡಿತ್ತು, ಆದ್ದರಿಂದ ಲಿಂಗ ತಾರತಮ್ಯ ಸಾಬೀತಾಗಲಿಲ್ಲ. ಕಾನೂನಿನ ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಷಾ 1989ರಲ್ಲಿ ಈ ಪ್ರಕರಣವನ್ನೂ ಎತ್ತಿಕೊಂಡು ಅಸ್ಮಿತೆಗಳು ಒಂದನ್ನೊಂದು ಹಾಯುವ ಕೂಡುದಾರಿಯ (ಇಂಟರ್‌ಸೆಕ್ಷನಾಲಿಟಿ) ಪರಿಕಲ್ಪನೆಯನ್ನು ಕಟ್ಟಿದರು. ನಮ್ಮಲ್ಲಿ ಈಗ ಎಲ್ಲ ವಿಚಾರಸಂಕಿರಣಗಳಲ್ಲೂ ಕೇಳಿಬರುವ ಆ ಪದ ಒಂದು ತೀರ್ಪಿನ ತರ್ಕದೊಳಗಿನ ಬಿರುಕನ್ನು ನೋಡುತ್ತ ಹುಟ್ಟಿದ್ದೆಂಬುದನ್ನು ನೆನಪಿಟ್ಟುಕೊಂಡರೆ ಅದನ್ನು ಸ್ವಲ್ಪ ಹದವಾಗಿ ಬಳಸುತ್ತೇವೆ.

ಇತರ ಶಾಸ್ತ್ರಗಳು ಯಾರನ್ನು ಬಿಟ್ಟವು ಎಂದು ಎಣಿಸುವ ಮಹಿಳಾ ಅಧ್ಯಯನ ತಾನೂ ಕೆಲವರನ್ನು ಬಿಟ್ಟಿತ್ತು. ಅದಕ್ಕೂ ಅದರದೇ ಒಂದು 93 ಇತ್ತು. ಎರಡು ದಶಕಗಳ ಕಾಲ ನಮ್ಮ ಬರಹಗಳಲ್ಲಿ ‘ಭಾರತೀಯ ಮಹಿಳೆ’ ಎಂದರೆ ಬಹುಮಟ್ಟಿಗೆ ಮೇಲ್ಜಾತಿಯ ಮಹಿಳೆಯೇ ಆಗಿದ್ದಳು. ಸತಿ, ವಿಧವಾ ವಿವಾಹ, ಬಾಲ್ಯವಿವಾಹ ಇವೇ ಇಡೀ ಹೆಣ್ಣುಕುಲದ ಚರಿತ್ರೆಯೆಂಬಂತೆ ಪಠ್ಯಗಳಿದ್ದವು. ಚರಿತ್ರಕಾರ್ತಿ ಉಮಾ ಚಕ್ರವರ್ತಿ 1993ರಲ್ಲಿ ಬ್ರಾಹ್ಮಣ್ಯದ ಪಿತೃಪ್ರಭುತ್ವ ಎಂಬ ಪರಿಕಲ್ಪನೆಯನ್ನು ಮುಂದಿಟ್ಟು, ಜಾತಿಯನ್ನು ಕಾಯಲು ಹೆಣ್ಣಿನ ಲೈಂಗಿಕತೆಯನ್ನು ಕಾಯಬೇಕಾಗುತ್ತದೆ ಎಂಬ ಕೊಂಡಿಯನ್ನು ತೋರಿಸಿದರು. 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ದಲಿತ ಮಹಿಳೆಯರು ಬೇರೆಯಾಗಿ ಮಾತಾಡುತ್ತಾರೆಂದು ಗೋಪಾಲ್ ಗುರು ಬರೆದದ್ದೂ, 1998ರಲ್ಲಿ ಶರ್ಮಿಳಾ ರೇಗೆ ಆ ವಾದವನ್ನು ದಲಿತ ಸ್ತ್ರೀವಾದಿ ನೆಲೆನಿಲುವಿನತ್ತ ಬೆಳೆಸಿದ್ದೂ ಈ ಹಿನ್ನೆಲೆಯಲ್ಲಿಯೇ. ಈ ಟೀಕೆಯಿಂದ ವಿಷಯ ಒಡೆದುಹೋಗುತ್ತದೆಂದು ಹೆದರಿದವರಿದ್ದರು. ನನಗನ್ನಿಸುವಂತೆ ಅದು ಬದುಕಿಕೊಂಡದ್ದೇ ಈ ಟೀಕೆಯಿಂದ.

ಇನ್ನು ವಿದ್ಯಾರ್ಥಿಗಳ ಆತಂಕ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತಿಳಿದು ಯಾವುದರಲ್ಲೂ ಗಟ್ಟಿಯಾಗದೆ ಹೋಗುತ್ತೇವೆಯೇ ಎಂದು ಅವರು ಕೇಳುತ್ತಾರೆ. ಆ ಅಪಾಯ ನಿಜವಾದದ್ದು, ಅದನ್ನು ಸಿಹಿ ಮಾತಿನಿಂದ ಮುಚ್ಚಬೇಕಾಗಿಲ್ಲ. ಅದಕ್ಕಾಗಿಯೇ ಒಂದು ಶಾಸ್ತ್ರವನ್ನಾದರೂ ಅದರ ಉಪಕರಣಗಳ ಸಮೇತ ಕಲಿಯಿರಿ ಎನ್ನುತ್ತೇನೆ: ದಾಖಲೆ ಓದುವುದನ್ನೋ, ಕೋಷ್ಟಕ ಓದುವುದನ್ನೋ, ತೀರ್ಪು ಓದುವುದನ್ನೋ, ಪದ್ಯ ಓದುವುದನ್ನೋ. ಒಂದು ಶಾಸ್ತ್ರದ ಒಳಗಿದ್ದವರಿಗಷ್ಟೇ ಅದು ಎಲ್ಲಿ ಕೈಚೆಲ್ಲುತ್ತದೆಂದು ಗೊತ್ತಾಗುತ್ತದೆ. 93ರ ತಕರಾರನ್ನು ಮೊದಲು ಎತ್ತಿದವರು ಸಮೀಕ್ಷೆಯ ನಮೂನೆಗಳನ್ನು ಗಂಟೆಗಟ್ಟಲೆ ಓದಬಲ್ಲವರಾಗಿದ್ದರು.

ಕೊನೆಯಲ್ಲಿ ಸಭೆಯಿಂದ ಬಂದ ಒಂದು ಪ್ರಶ್ನೆ: ಇಂತಹ ವಿಷಯದ ಕಿರುಪ್ರಬಂಧಕ್ಕೆ ಅಂಕ ಕೊಡಬೇಕಾದವರು ಯಾವ ವಿಭಾಗದವರು? ಇದಕ್ಕೆ ನನ್ನ ಅನುಭವದ ಉತ್ತರವಿಷ್ಟೇ. ಸಮಯ ಬಳಕೆಯ ಸಮೀಕ್ಷೆಯ ನಮೂನೆಯಲ್ಲಿ ಬೆಳಗಿನ 4 ಗಂಟೆಯಿಂದ ಮರುದಿನ ಬೆಳಗಿನ 4 ಗಂಟೆಯವರೆಗಿನ ದಿನವನ್ನು ಅರ್ಧರ್ಧ ಗಂಟೆಯ ಕಂಡಿಗಳಾಗಿ ವಿಭಾಗಿಸಿರುತ್ತಾರೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ಆ ಮಾದರಿಯಲ್ಲಿ ತನ್ನ ತಾಯಿಯ ಏಳು ದಿನಗಳನ್ನು ದಾಖಲಿಸಿ ಕಿರುಪ್ರಬಂಧ ಬರೆದಿದ್ದಳು. ಮೊದಲ ದಿನದ ಹಾಳೆಯಲ್ಲಿ ಮಧ್ಯಾಹ್ನದ ಒಂದು ಕಂಡಿಯಲ್ಲಿ ‘ಸುಮ್ಮನೆ ಕೂತಿದ್ದರು’ ಎಂದಿತ್ತು. ನಾಲ್ಕನೆಯ ದಿನದ ಹಾಳೆಯಲ್ಲಿ ಅದೇ ಹೊತ್ತಿನ ಕಂಡಿಯಲ್ಲಿ ‘ಕೂತಿದ್ದರು, ಹಾಸಿಗೆ ಹಿಡಿದ ಅಜ್ಜಿ ಕರೆದರೆ ಕೇಳಿಸಬೇಕೆಂದು ಬಾಗಿಲ ಬಳಿ’ ಎಂದಿತ್ತು. ಮೂರು ದಿನಗಳಲ್ಲಿ ಅವಳ ನೋಡುವ ಬಗೆ ಬದಲಾಗಿತ್ತು, ಅದಕ್ಕೆ ತಕ್ಕಂತೆ ಅವಳ ಅಂಕಿಅಂಶಗಳೂ ಬದಲಾಗಿದ್ದವು. ಅರ್ಥಶಾಸ್ತ್ರದ ಪರೀಕ್ಷಕರು, ದಾಖಲಿಸುವ ಮಾನದಂಡ ನಡುವೆ ಬದಲಾದದ್ದರಿಂದ ಮೊದಲ ದಿನಗಳನ್ನೂ ನಂತರದ ದಿನಗಳನ್ನೂ ಹೋಲಿಸಲಾಗದೆಂದು ಅಂಕ ಕಡಿಮೆ ಮಾಡಿದರು. ಕನ್ನಡದ ಪರೀಕ್ಷಕರು ಆ ಬದಲಾವಣೆಯೇ ಪ್ರಬಂಧದ ಜೀವಾಳವೆಂದು ಹೆಚ್ಚು ಅಂಕ ಕೊಟ್ಟರು. ಇಬ್ಬರ ವಾದಗಳೂ ಸರಿಯಾಗಿದ್ದವು. ನಾವು ಮೂವರೂ ಒಂದು ಮಧ್ಯಾಹ್ನ ಪೂರ್ತಿ ಕೂತು ವಾದ ಮಾಡಿ, ಮೊದಲ ಮೂರು ದಿನಗಳ ಹಾಳೆಗಳನ್ನು ತಿದ್ದದೆ ಹಾಗೆಯೇ ಉಳಿಸಿ, ಮಾನದಂಡ ಏಕೆ ಬದಲಾಯಿತೆಂದು ಒಂದು ಅಧ್ಯಾಯವನ್ನು ಸೇರಿಸಿ ತರುವಂತೆ ಅವಳಿಗೆ ಹೇಳಿ ಕಳಿಸಿದೆವು.